ಚಿತ್ರದ ಮೂಲೆಯಲ್ಲಿ ನಿಂತ ಹೆಂಡತಿ

ಚಿತ್ರಶಾಲೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಮಾತಿನಮಲ್ಲಿ ಎಂದು. ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬಂದವರಿಗೆ ಚಿತ್ರಗಳನ್ನು ವಿವರಿಸುವ ಗೈಡ್ ಕೆಲಸ ಅವಳದು. ಹಾಗೆ ನೋಡಿದರೆ ಅವಳು ಅಲ್ಲಿ ಸೇರಿದ್ದು ಜನರ ಕೊಡೆ, ಚೀಲ ಇಸಿದುಕೊಂಡು ಬಿಲ್ಲೆ ಕೊಡುವುದಕ್ಕೆ. ಒಂದು ದಿನ ಗೈಡ್ ಬರಲಿಲ್ಲ, ಶಾಲೆಮಕ್ಕಳ ದಂಡು ಬಾಗಿಲಲ್ಲಿ ನಿಂತು ಗಲಾಟೆ ಎಬ್ಬಿಸಿತ್ತು, ಮೇಲಿನವರು ಕೈ ಹಿಸುಕಿಕೊಳ್ಳುತ್ತಿದ್ದರು. ಇವಳು ಬಿಲ್ಲೆಯ ಡಬ್ಬಿ ಮುಚ್ಚಿಟ್ಟು ಮುಂದೆ ಬಂದಳು. ಅವತ್ತು ಬಿಟ್ಟ ಬಾಯಿ ಇವತ್ತಿಗೂ ಮುಚ್ಚಿಲ್ಲ ಎಂದು ಅಲ್ಲಿನ ಕಾವಲಿನವನು ಈಗಲೂ ತಮಾಷೆ ಮಾಡುತ್ತಾನೆ.

ಗೈಡ್‌ಗಳ ಲೋಕದಲ್ಲಿ ಯಾರೂ ಹೇಳಿಕೊಡದ ಒಂದು ಪದ್ಧತಿ ಇದೆ. ಯಾವ ಮಾತಿಗೆ ಜನ ನಕ್ಕರೋ ಅದು ಮರುದಿನವೂ ಉಳಿಯುತ್ತದೆ, ಯಾವ ಮಾತಿಗೆ ಆಕಳಿಸಿದರೋ ಅದರ ಕತೆ ಅಲ್ಲಿಗೇ ಮುಗಿಯಿತು. ಹೀಗೆ ಒಂದಿಷ್ಟು ಸೇರುತ್ತ, ಒಂದಿಷ್ಟು ಉದುರುತ್ತ, ಕೆಲವು ವರ್ಷ ಕಳೆಯುವಷ್ಟರಲ್ಲಿ ಚಿತ್ರದಲ್ಲಿ ಇದ್ದದ್ದು ಎಷ್ಟು, ತಮ್ಮ ಬಾಯಿಂದ ಬಂದದ್ದು ಎಷ್ಟು ಎಂಬುದು ಸ್ವತಃ ಗೈಡ್‌ಗಳಿಗೇ ಮರೆತುಹೋಗಿರುತ್ತದೆ. ಇನ್ನೊಂದು ಸಂಗತಿ. ಗೈಡ್ ಆದವರು ಜನರ ಕಡೆ ಮುಖ ಮಾಡಿ, ಚಿತ್ರಕ್ಕೆ ಬೆನ್ನು ಕೊಟ್ಟು, ಯಾರಿಗೂ ಅಡ್ಡವಾಗದಂತೆ ಒಂದು ಪಕ್ಕಕ್ಕೆ ನಿಲ್ಲಬೇಕು. ದಿನವಿಡೀ ಚಿತ್ರದ ಬಗ್ಗೆ ಮಾತಾಡುವವರು ಅದನ್ನು ನೋಡುವುದು ಓರೆಗಣ್ಣಿನಲ್ಲಿ ಮಾತ್ರ.

ಮಾತಿನಮಲ್ಲಿಯ ಮೆಚ್ಚಿನ ಚಿತ್ರ ಇದ್ದದ್ದು ಒಳಗಿನ ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಗೋಡೆಗೆ. ಯುರೋಪಿನ ಪುನರುಜ್ಜೀವನ ಕಾಲದ್ದು, ಬರೆದವನ ಹೆಸರು ಗೊತ್ತಿಲ್ಲ, ಕೆಳಗಿನ ಹಿತ್ತಾಳೆ ಫಲಕದಲ್ಲಿ ‘ಗ್ರಂಥಪ್ರೇಮಿ’ ಎಂದಷ್ಟೇ ಇದೆ. ದಪ್ಪನೆಯ ಗಂಡಸೊಬ್ಬ ತುಪ್ಪಳದ ನಿಲುವಂಗಿ ತೊಟ್ಟು ಮೇಜಿನ ಮುಂದೆ ಕೂತಿದ್ದಾನೆ. ಸುತ್ತ ಎದೆಮಟ್ಟ ಪುಸ್ತಕ. ಕೈಯಲ್ಲಿ ಧೂಳು ಹೊಡೆಯುವ ಗರಿಯ ಕುಂಚ. ಪ್ರತಿ ಪುಸ್ತಕಕ್ಕೂ ಲೋಹದ ಕೊಂಡಿ ಇದೆ, ಪ್ರತಿ ಕೊಂಡಿಯೂ ಭದ್ರವಾಗಿ ಹಾಕಿದೆ. ಕನ್ನಡಕ ಹಣೆಗೇರಿದೆ. ಮೇಜಿನ ಮೇಲಿನ ಮೇಣದಬತ್ತಿಯನ್ನು ಒಮ್ಮೆಯೂ ಹಚ್ಚಿದಂತಿಲ್ಲ, ಅದರ ತುದಿ ಇನ್ನೂ ಬೆಳ್ಳಗೇ ಇದೆ.

“ಪುಸ್ತಕ ಅಚ್ಚು ಹಾಕೋಕೆ ಶುರುವಾದ ಹೊಸದು ಅದು,” ಎಂದು ಅವಳು ಆರಂಭಿಸುವಳು. “ಅದುವರೆಗೆ ಪುಸ್ತಕ ಅಂದ್ರೆ ಓದಿದೋರ ಹತ್ರ, ಮಠದೋರ ಹತ್ರ. ಈಗ ದುಡ್ಡಿದ್ದೋರ ಹತ್ರಾನೂ ಬಂತು. ಕೆಲವರು ಕೊಂಡ್ರು, ಓದಿದ್ರು. ಕೆಲವರು ಕೊಂಡ್ರು, ಧೂಳು ಹೊಡೆದ್ರು. ಈ ಎರಡನೇ ಥರದೋರನ್ನ ಕಂಡ್ರೆ ಚಿತ್ರ ಬರೆದೋನಿಗೆ ಮೈಯೆಲ್ಲ ಉರಿ. ಕೊಂಡಿ ನೋಡಿ, ಒಂದಾದ್ರೂ ಬಿಚ್ಚಿದೆಯಾ? ಬತ್ತಿ ನೋಡಿ. ಇನ್ನು ಮಜಾ ಏನು ಗೊತ್ತಾ? ಕಾಸು ಕೊಟ್ಟು ಇದನ್ನ ಬರೆಸಿದ್ದು ಈ ಮಹಾನುಭಾವನೇ ಇರಬೇಕು. ನನ್ನನ್ನ ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂತ ಗೋಡೆಗೆ ಹಾಕ್ಕೊಂಡು ಬಂದೋರಿಗೆಲ್ಲ ತೋರಿಸಿರ್ತಾನೆ.”

ಚಿತ್ರಶಾಲೆಯ ಮುಖ್ಯಸ್ಥರು ಇದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. “ಗೇಲಿ ಅಂತ ಖಂಡಿತವಾಗಿ ಹೇಳೋಕಾಗಲ್ಲಮ್ಮ. ಗೌರವಕ್ಕೆ ಬರೆದಿದ್ದೂ ಇರಬಹುದು. ಕೊಂಡಿ ಹಾಕೋದು ಪುಸ್ತಕ ಹಾಳಾಗದೇ ಇರಲಿ ಅಂತ,” ಎನ್ನುತ್ತಿದ್ದರು. “ಗೌರವ ಅಂದ್ರೆ ಜನ ಮುಂದಿನ ಚಿತ್ರಕ್ಕೆ ಹೋಗ್ತಾರೆ ಸಾರ್,” ಎಂದು ಇವಳು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನಿಜವಾದ ನಗು ಬರುತ್ತಿದ್ದುದು ಕೊನೆಯಲ್ಲಿ. ಚಿತ್ರದ ಬಲಮೂಲೆಯಲ್ಲಿ ಅರೆತೆರೆದ ಬಾಗಿಲಿದೆ, ಆ ಕತ್ತಲಲ್ಲಿ ತಲೆ ತಗ್ಗಿಸಿದ ಒಂದು ಆಕೃತಿ. ಅವಳು ದನಿ ತಗ್ಗಿಸುವಳು. “ಅದು ಹೆಂಡತಿ. ಊಟಕ್ಕೆ ಕರೆಯೋಕೆ ಬಂದಿದ್ದಾಳೆ. ಬಂದೆ ಅಂತಾನೆ, ಬರಲ್ಲ. ಒಳಗೆ ಹೋಗಿ ಕರೆಯೋಣ ಅಂದ್ರೆ ಕಾಲಿಡೋಕೆ ಜಾಗ ಇಲ್ಲ. ಪಾತ್ರೆ ಕಪಾಟಲ್ಲಿ ಪುಸ್ತಕ, ಬಚ್ಚಲ ಕಿಟಕೀಲಿ ಪುಸ್ತಕ, ಮಂಚದ ಕೆಳಗೆ ಪುಸ್ತಕ. ಮಳೆ ಬಂದ್ರೆ ಅಂಗಳದಿಂದ ಮೊದಲು ಒಳಗೆ ಬರೋದು ಪುಸ್ತಕ, ಆಮೇಲೆ ಒಣಗೋಕೆ ಹಾಕಿದ ಬಟ್ಟೆ, ಆಮೇಲೆ ಹೆಂಡತಿ.” ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನಡುವಯಸ್ಸಿನ ಒಬ್ಬಿಬ್ಬರು ಹೆಂಗಸರು ಮಾತ್ರ ನಗದೆ ಆ ಮೂಲೆಯನ್ನೇ ನೋಡುತ್ತಿದ್ದರು.

ಕಪಾಟು, ಬಚ್ಚಲು, ಮಂಚ, ಮಳೆ, ಇವು ಯಾವುವೂ ಚಿತ್ರದಲ್ಲಿ ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಎಲ್ಲವೂ ಅವಳ ಮನೆಯ ಸರಕು.

ಅವಳ ಯಜಮಾನರು ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಇಡೀ ಜನ್ಮ ಬೇರೆಯವರ ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಓದಿ ಕಣ್ಣು ಸವೆಸಿಕೊಂಡರು, ತಮ್ಮ ಪುಸ್ತಕ ಓದುವುದನ್ನು ಮಾತ್ರ ಮುಂದಕ್ಕೆ ಹಾಕುತ್ತ ಬಂದರು. ರದ್ದಿ ಅಂಗಡಿಯಿಂದ ತಂದ ಪುಸ್ತಕವನ್ನು ಗಡ್ಡ ಹೆರೆಯುವ ಬ್ರಷ್ಷಿನಿಂದ ಗುಡಿಸುವುದು, ಮೂಸಿ ನೋಡುವುದು, ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟುವುದು. ಕಟ್ಟಿದ್ದನ್ನು ಬಿಚ್ಚಿದ್ದು ಅವಳು ಕಂಡಿಲ್ಲ. “ಓದಿದ್ರಾಯ್ತು, ಎಲ್ಲಿಗೆ ಓಡಿಹೋಗುತ್ತೆ,” ಎನ್ನುವರು. ಪುಸ್ತಕ ಓಡಿಹೋಗಲಿಲ್ಲ, ನಿಜ. ಮನೆಯೇ ಸ್ವಲ್ಪ ಸ್ವಲ್ಪವಾಗಿ ಓಡಿಹೋಯಿತು. ಪಡಸಾಲೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಅಡುಗೆಮನೆಗೆ ಹೋಗುವಾಗ ಅಡ್ಡಡ್ಡ ನಡೆಯುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕೆಲವೊಮ್ಮೆ ಖಾಲಿ ಬೀದಿಯಲ್ಲೂ ಭುಜ ಓರೆ ಮಾಡಿಕೊಂಡೇ ನಡೆಯುತ್ತಿದ್ದಳು.

ಯಜಮಾನರು ಕೆಟ್ಟವರಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಒಂದು ದಿನವೂ ದನಿ ಏರಿಸಿದವರಲ್ಲ, ಊಟಕ್ಕೆ ಉಪ್ಪು ಕಡಿಮೆ ಎಂದವರಲ್ಲ. ಬೈಯುವ ಗಂಡನಾಗಿದ್ದರೆ ತಿರುಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ ಪಾತ್ರೆಯ ಕಪಾಟು ಖಾಲಿ ಮಾಡಿಕೊಡಿ ಎಂದು ಕೇಳಿದ್ದಳು. ಅವರು ಸಿಟ್ಟಾಗಲಿಲ್ಲ. ಮುಖ ಸಪ್ಪೆ ಮಾಡಿಕೊಂಡರು, ಸರಿಯಾಗಿ ಉಣ್ಣಲಿಲ್ಲ, ಕೊನೆಗೆ ಬಂದು ಕೈ ಹಿಡಿದು “ತಪ್ಪಾಯ್ತು ಕಣೇ” ಎಂದರು. ಕಪಾಟಿನ ಪುಸ್ತಕ ಅಲ್ಲೇ ಉಳಿಯಿತು. ಹಾಗೆ ಕ್ಷಮೆ ಕೇಳಿದವರ ಹತ್ತಿರ ಮತ್ತೆ ಕೇಳುವುದಾದರೂ ಹೇಗೆ? ಅಂದಿನಿಂದ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಮಾತಿನಮಲ್ಲಿಯ ಬಾಯಿಗೆ ಬೀಗ. ಹೊಟ್ಟೆಯಲ್ಲಿ ಉಳಿದದ್ದನ್ನೆಲ್ಲ ಮರುದಿನ ಚಿತ್ರದ ಮುಂದೆ ಕಾರಿಕೊಳ್ಳುತ್ತಿದ್ದಳು.

ಮನೆಯಲ್ಲಿ ಉಳಿದಿದ್ದುದು ಹಿಂದಿನ ಕೋಣೆ ಒಂದೇ. ಒಂದು ಮಂಚ, ಒಂದು ಕುರ್ಚಿ ಹಿಡಿಯುವಷ್ಟು ದೊಡ್ಡದು. ಗೋಡೆ ನೀರು ಕುಡಿದು ಶೀತ ಹಿಡಿದಿತ್ತು, ಹಾಗಾಗಿ ಪುಸ್ತಕ ಅತ್ತ ಸುಳಿದಿರಲಿಲ್ಲ. ಅವಳಿಗೆ ಶೀತವೇ ದೇವರಾಗಿತ್ತು. ಕೆಲಸದಿಂದ ಬಂದು ಅಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದಳು. ಹೋದ ಬೇಸಗೆಯಲ್ಲಿ ಯಜಮಾನರು ಗಾರೆಯವನನ್ನು ಕರೆಸಿ ಗೋಡೆ ಸರಿಮಾಡಿಸಿದರು. ದಿನಾ ಬೆಳಿಗ್ಗೆ ಅವರು ಗೋಡೆಯ ಮೇಲೆ ಅಂಗೈ ಇಟ್ಟು ಒಣಗಿತೇ ಎಂದು ನೋಡುವುದು, ಒಣಗದಿರಲಿ ಎಂದು ಇವಳು ಒಳಗೊಳಗೇ ಹಾರೈಸುವುದು. ಗೋಡೆ ಒಣಗಿತು.

ಅದೇ ಹೊತ್ತಿಗೆ ಅಕ್ಕ ಬಿದ್ದಳು. ಹೊಲಿಗೆ ಕೆಲಸದ ಅಕ್ಕ, ತಾಯಿ ಹೋದ ಮೇಲೆ ಇವಳನ್ನು ಸಾಕಿದವಳು, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಮಿಷನ್ ತುಳಿದುಕೊಂಡು ಇದ್ದವಳು, ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಹಾಸಿಗೆಯಲ್ಲೂ ಸುಮ್ಮಸುಮ್ಮನೆ ಹೊರಳಾಡಬೇಡಿ ಎಂದರು ಡಾಕ್ಟರು. ಬುಧವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಊರಾಚೆ ಇಂಥವರಿಗೆಂದೇ ಒಂದು ಆಶ್ರಮ ಇತ್ತು, ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಮಂಚ.

“ನಾನು ಅಲ್ಲಿಗೇ ಹೋಗ್ತೀನಿ ಬಿಡೇ,” ಎಂದಳು ಅಕ್ಕ. “ನಿಮ್ಮನೇಲಿ ನೀವಿರೋದೇ ಕಷ್ಟ. ನಿನ್ನ ಗಂಡ ಒಳ್ಳೆಯೋರು, ಅವರಿಗೆ ಇಕ್ಕಟ್ಟು ಮಾಡಬಾರದು.”

“ನೀನು ಸುಮ್ನಿರಕ್ಕ, ಹಿಂದಿನ ರೂಮಿದೆ,” ಎಂದುಬಿಟ್ಟಳು ಮಾತಿನಮಲ್ಲಿ. ಅಂದು ಮನೆಗೆ ಬಂದರೆ ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ತೀರಿಕೊಂಡ ವಕೀಲರೊಬ್ಬರ ಪುಸ್ತಕಗಳನ್ನು ಅವರ ಮಕ್ಕಳು ಇವರಿಗೆ ಕೊಡಲು ಒಪ್ಪಿದ್ದರಂತೆ. ಬುಧವಾರ ಬೆಳಿಗ್ಗೆ ಲಾರಿ ಬರುತ್ತದಂತೆ. “ಗೋಡೆ ಒಣಗಿದ್ದು ಸರಿಹೋಯ್ತು ನೋಡು,” ಎಂದರು. ಅಕ್ಕನ ಹೆಸರು ಅವಳ ನಾಲಿಗೆಯ ತುದಿಗೆ ಬಂತು, ಅಲ್ಲಿಂದ ಹೊರಗೆ ಬರಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಅವಳು ಕಂಡುಕೊಂಡ ದಾರಿ ಗೈಡ್ ಕಂಡುಕೊಳ್ಳುವಂಥದ್ದೇ. ತನಗೆ ಮಾತು ಬರುವುದು ಆ ಚಿತ್ರದ ಮುಂದೆ. ಇವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ? ಕಣ್ಣಿರುವವರು, ಅಕ್ಷರದ ಒಂದು ಕೊಂಬು ಬಿಟ್ಟುಹೋಗಿದ್ದರೂ ಪುಟ ತಿರುಗಿಸದವರು. ತಮ್ಮನ್ನು ತಾವು ಕಾಣದೆ ಇರುತ್ತಾರೆಯೇ? “ನಮ್ಮಲ್ಲಿ ಪುಸ್ತಕದ್ದೊಂದು ಚಿತ್ರ ಇದೆ, ಭಾನುವಾರ ಬನ್ನಿ,” ಎಂದಳು. ಇಷ್ಟು ವರ್ಷ ಚಿತ್ರಶಾಲೆಗೆ ಕಾಲಿಡದಿದ್ದವರು ಪುಸ್ತಕ ಎಂದೊಡನೆ ಅಂಗಿ ಇಸ್ತ್ರಿ ಮಾಡಿಕೊಂಡರು. ಜೊತೆಗೆ ರದ್ದಿ ಅಂಗಡಿಯವನನ್ನೂ ಕರೆದುಕೊಂಡು ಬಂದರು.

ಭಾನುವಾರ ಹಾಲ್ ತುಂಬಿತ್ತು. ಯಜಮಾನರು ಚಿತ್ರದ ಎದುರಿಗಿನ ಬೆಂಚಿನಲ್ಲಿ ಕನ್ನಡಕ ಒರೆಸಿಕೊಂಡು ಕೂತರು. ಮಾತಿನಮಲ್ಲಿ ಎಂದಿನಂತೆ ಕಿಟಕಿಯ ಪಕ್ಕ ನಿಂತಳು. ಅವತ್ತು ಅವಳು ಹೇಳಿದ ಹಾಗೆ ಎಂದೂ ಹೇಳಿರಲಿಲ್ಲ. ಗರಿಯ ಕುಂಚದ ಜಾಗದಲ್ಲಿ ಗಡ್ಡದ ಬ್ರಷ್ ಬಂತು. ಮೂಸುವುದು ಬಂತು, ಕಂದು ಕಾಗದ ಬಂತು, ಓದಿದ್ರಾಯ್ತು ಎಲ್ಲಿಗೆ ಓಡಿಹೋಗುತ್ತೆ ಎಂಬ ಮಾತು ಅವರದೇ ರಾಗದಲ್ಲಿ ಬಂತು. ರದ್ದಿ ಅಂಗಡಿಯವನು ಮೊದಲು ನಕ್ಕ, ನಡುವೆ ನಗು ನಿಲ್ಲಿಸಿದ, ಆಮೇಲೆ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಕೊನೆಗೆ ಅವಳು ಮೂಲೆಯ ಹೆಂಡತಿಗೆ ಬಂದಳು. “ಅವಳಿಗೆ ಒಬ್ಬಳು ಅಕ್ಕ ಇದ್ದಾಳೆ. ಕಾಯಿಲೆ. ಮನೆಗೆ ಕರ್ಕೊಂಡು ಬರಬೇಕು, ಜಾಗ ಇಲ್ಲ. ಕೇಳೋಣ ಅಂತ ಬಾಗಿಲಿಗೆ ಬಂದಿದ್ದಾಳೆ. ಬಾಯಿ ಬರ್ತಿಲ್ಲ.” ಅದಕ್ಕೆ ಯಾರೂ ನಗಲಿಲ್ಲ. ಉಳಿದ ಎಲ್ಲದಕ್ಕೂ ಇಡೀ ಹಾಲ್‌ನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಕರವಸ್ತ್ರ ತೆಗೆದಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಯಜಮಾನರ ಪಕ್ಕದಲ್ಲಿ ಕೂತಳು.

“ಎಷ್ಟು ಚೆನ್ನಾಗಿ ಹೇಳ್ತೀಯೇ,” ಎಂದರು ಅವರು. “ಅಂಥ ಜನ ಇದಾರೆ ಕಣೇ. ನನಗೇ ಇಬ್ಬರು ಮೂವರು ಗೊತ್ತು. ಓದೋದು ಅಷ್ಟರಲ್ಲೇ ಇದೆ, ಬರೀ ಕೂಡಿಡೋದು. ಅವರ ಮನೆಯೋರ ಪಾಡು ಯಾರಿಗೂ ಬೇಡ.”

ಅವಳು ಅವರ ಮುಖ ನೋಡಿದಳು. ನಾಟಕವಿರಲಿಲ್ಲ. ಅಂಥವರ ಹೆಂಡಂದಿರ ಬಗ್ಗೆ ಅವರಿಗೆ ನಿಜವಾಗಿ ಮರುಕ ಹುಟ್ಟಿತ್ತು.

“ಒಂದು ತಪ್ಪಿದೆ, ಹೇಳಲಾ? ಬೇಜಾರು ಮಾಡ್ಕೋಬಾರದು.”

“ಹೇಳಿ.”

“ಆ ಮೂಲೆಯಲ್ಲಿ ಹೆಂಗಸೇ ಇಲ್ಲ. ನಾನು ಎದುರಿಗೇ ಕೂತಿದ್ನಲ್ಲ, ಚೆನ್ನಾಗಿ ನೋಡಿದೆ. ಗೂಟಕ್ಕೆ ನೇತುಹಾಕಿದ ಕೋಟು ಅದು. ಕಾಲರ್ ಕಾಣುತ್ತೆ, ಗುಂಡಿ ಕಾಣುತ್ತೆ. ತಿದ್ಕೊಂಡ್ರೆ ಒಳ್ಳೇದು, ತಿಳಿದೋರು ಯಾರಾದ್ರೂ ಬಂದ್ರೆ ನಿನಗೇ ಅವಮಾನ.”

ಕೆನ್ನೆಗೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅಷ್ಟೆಲ್ಲ ಹೇಳಿದ್ದರಲ್ಲಿ ಇವರ ಕಣ್ಣಿಗೆ ಬಿದ್ದದ್ದು ಇದೊಂದು. ಇಳಿಯುವ ನಿಲ್ದಾಣ ಬಂದರೂ ಅವಳು ಏಳಲಿಲ್ಲ, ಅವರೇ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಸಂಜೆ ಅವರು ಹಿಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದರು. ಅವಳು ಬಾಗಿಲಲ್ಲಿ ನಿಂತಳು. ಬೀಗ ಹಾಕಿದ ಬಾಯಿ ಹೇಗೆ ತೆರೆಯಿತೋ, ಹೇಳಿಯೇಬಿಟ್ಟಳು.

“ಅದು ಕೋಟೇ ಇರಬಹುದು ರೀ. ನಾನಂತೂ ಇಲ್ಲೇ ನಿಂತಿದೀನಿ. ಅಕ್ಕನ್ನ ಬುಧವಾರ ಬಿಡ್ತಾರೆ. ಅವಳಿಗೆ ಈ ರೂಮು ಬೇಕು. ಇಲ್ಲಿಗೆ ಪುಸ್ತಕ ಬರಬಾರದು.”

ಟೇಪು ಸರ್ರನೆ ಸುರುಳಿಯಾಯಿತು. ಅವಳು ಸಪ್ಪೆ ಮುಖಕ್ಕೆ, ಉಣ್ಣದ ತಟ್ಟೆಗೆ, ಮುಂದಿನ ಕ್ಷಮೆಗೆ ಎಲ್ಲಕ್ಕೂ ಸಿದ್ಧಳಾಗಿದ್ದಳು.

“ಇಷ್ಟೇನಾ?” ಎಂದರು ಯಜಮಾನರು. “ಮೊದಲೇ ಹೇಳಬಾರದಿತ್ತಾ? ನಿನ್ನ ಅಕ್ಕ ನನಗೂ ಅಕ್ಕ ಅಲ್ವಾ? ಬರಲಿ, ಆರಾಮಾಗಿ ಇರಲಿ. ಪುಸ್ತಕಕ್ಕೆ ನಾನು ಬೇರೆ ಏನಾದ್ರೂ ದಾರಿ ಮಾಡ್ತೀನಿ.”

ಅವಳು ಬೆಪ್ಪಾದಳು. ಇಷ್ಟು ಸುಲಭವಿತ್ತೇ? ಹಾಗಾದರೆ ಇಷ್ಟು ವರ್ಷ ಉಗುಳು ನುಂಗಿಕೊಂಡು ಬದುಕಿದ್ದು ಯಾಕೆ? ಸಂತೋಷಪಡಬೇಕೋ, ಕೂತು ಅಳಬೇಕೋ ತಿಳಿಯದೆ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಮಂಗಳವಾರ ಚಿತ್ರಶಾಲೆಗೆ ಬೇಗ ಹೋಗಿ, ಜನ ನಿಲ್ಲುವ ಜಾಗದಲ್ಲಿ ನಿಂತು ಚಿತ್ರವನ್ನು ನೇರವಾಗಿ ನೋಡಿದಳು. ಕಾಲರ್ ಇತ್ತು. ಗುಂಡಿಗಳಿದ್ದವು. ಮೇಲೆ ಗೂಟವೂ ಇತ್ತು. ತಲೆ ತಗ್ಗಿಸಿದಂತೆ ಕಾಣುತ್ತಿದ್ದುದು ಪಕ್ಕದಿಂದ ಬೀಳುವ ಕಿಟಕಿಯ ಬೆಳಕಿಗೆ. ಇಷ್ಟು ವರ್ಷ ಆ ಕೋಟಿನ ಜಾಗದಲ್ಲಿ ತಾನೇ ಹೋಗಿ ನಿಂತಿದ್ದೆನೆಂದು ಅವಳಿಗೆ ಅರ್ಥವಾಯಿತು, ತನ್ನನ್ನು ತಾನೇ ಬಯ್ದುಕೊಂಡಳು. ಆ ದಿನ ಬಂದವರಿಗೆ ಕೊಂಡಿ, ಬತ್ತಿ, ಕುಂಚ ತೋರಿಸಿ ಕೊನೆಯಲ್ಲಿ “ಮೂಲೆಯಲ್ಲಿ ಒಂದು ಕೋಟು ನೇತುಹಾಕಿದೆ” ಎಂದಳು. ಜನ ಹೌದು ಎಂದು ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋದರು.

ಬುಧವಾರ ಟ್ಯಾಕ್ಸಿಯಲ್ಲಿ ಅಕ್ಕನನ್ನು ಕರೆದುಕೊಂಡು ಬರುವಾಗ ಮಧ್ಯಾಹ್ನವಾಗಿತ್ತು. ಲಾರಿ ಬಂದು ಹೋಗಿದ್ದರ ಗುರುತಾಗಿ ಬೀದಿಯಲ್ಲಿ ಹರಕು ಹಗ್ಗ ಬಿದ್ದಿತ್ತು. ಹಿಂದಿನ ಕೋಣೆ ನೋಡಿದರೆ ನೋಡುತ್ತಲೇ ಇರಬೇಕು, ಹಾಗಿತ್ತು. ಗುಡಿಸಿ ಒರೆಸಿ, ಮಂಚಕ್ಕೆ ಒಗೆದ ಹಾಸು ಹಾಸಿ, ಕೈಗೆಟಕುವ ಹಾಗೆ ನೀರಿನ ಹೂಜಿ, ಕರೆಯುವುದಕ್ಕೆ ಒಂದು ಗಂಟೆ. ಯಜಮಾನರು ಅಕ್ಕನ ತೋಳು ಹಿಡಿದು ಮಗುವನ್ನು ಮಲಗಿಸುವಂತೆ ಮಲಗಿಸಿದರು. ಒಂದು ಪುಸ್ತಕವೂ ಅಲ್ಲಿ ಇರಲಿಲ್ಲ. ಇಂಥವರನ್ನು ಊರವರ ಮುಂದೆ ನಗೆಪಾಟಲು ಮಾಡಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಆಸ್ಪತ್ರೆಯ ಚೀಲ ಇಡಲು ಅವಳು ಮಲಗುವ ಕೋಣೆಗೆ ಹೋದಳು. ಬಾಗಿಲು ಗೇಣಗಲ ತೆರೆದು ನಿಂತಿತು. ಭುಜ ಓರೆ ಮಾಡಿ ತಲೆ ತೂರಿಸಿದಳು. ರಟ್ಟಿನ ಪೆಟ್ಟಿಗೆಗಳು ಕಿಟಕಿ ಮುಚ್ಚಿದ್ದವು, ಅವಳ ಬಟ್ಟೆಯ ಬೀರು ಮುಚ್ಚಿದ್ದವು, ಮಂಚದಲ್ಲಿ ಅವಳು ಮಲಗುವ ಬದಿಯಲ್ಲಿ ಸೂರಿನವರೆಗೆ ಏರಿದ್ದವು. ಯಜಮಾನರ ಬದಿ ಮಾತ್ರ ಅವರಷ್ಟೇ ಅಗಲಕ್ಕೆ ಖಾಲಿ ಇತ್ತು.

“ನಿನ್ನ ಕಡೆ ಇಡಿಸಿದೀನಿ,” ಎಂದರು ಅವರು ಹಿಂದಿನಿಂದ, ಬೆವರು ಒರೆಸಿಕೊಳ್ಳುತ್ತ. “ನೀನು ಹೇಗಿದ್ರೂ ಅಕ್ಕನ ಹತ್ರ ಇರಬೇಕಲ್ಲ, ಅದಕ್ಕೆ.”

ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಅಕ್ಕನಿಗೆ ಜಾಗ ಕೇಳಿದ್ದಳು, ಸಿಕ್ಕಿತು. ತನಗೂ ಕೇಳಬೇಕಿತ್ತೆಂಬುದು ಅವಳಿಗೆ ಹೊಳೆದಿರಲೇ ಇಲ್ಲ. ಚೀಲವನ್ನು ಎದೆಗವಚಿಕೊಂಡು ಹಿಂದಿನ ಕೋಣೆಗೆ ಬಂದು ಮಂಚಕ್ಕೂ ಗೋಡೆಗೂ ನಡುವೆ ಇದ್ದ ಕುರ್ಚಿಯಲ್ಲಿ ಕೂತಳು. ಕಾಲು ಚಾಚಲು ಅಲ್ಲಿ ಜಾಗವಿರಲಿಲ್ಲ.

“ನನ್ನಿಂದ ನಿಮಗೆ ಇಕ್ಕಟ್ಟಾಯ್ತು,” ಎಂದಳು ಅಕ್ಕ. ಆಮೇಲೆ ತಂಗಿಯ ಮುಖ, ಕೆಳಗಿಡದ ಚೀಲ ಎರಡನ್ನೂ ನೋಡಿದಳು. “ನೀನೆಲ್ಲಿ ಮಲಗ್ತೀಯೆ?”

“ನಂದೇನು ಬಿಡಕ್ಕ.”

“ಎಲ್ಲಿ ಮಲಗ್ತೀಯ ಅಂದೆ.”

ಒಂದು ಚಿತ್ರದ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವಳು ಚೀಲ ಬಿಚ್ಚಿ ಮಾತ್ರೆಗಳನ್ನು ಹೂಜಿಯ ಪಕ್ಕ ಜೋಡಿಸತೊಡಗಿದಳು. ಅಕ್ಕ ಹಲ್ಲು ಕಚ್ಚಿ, ಎರಡೂ ಮೊಣಕೈಗಳನ್ನು ಹಾಸಿಗೆಗೆ ಊರಿ, ಮುರಿದ ಸೊಂಟವನ್ನು ಎಳೆದುಕೊಂಡು, ಇಂಚಿಂಚಾಗಿ ಆಚೆ ಗೋಡೆಯ ಕಡೆ ಸರಿಯತೊಡಗಿದಳು.